ಎಪಿಎಲ್ ಸಾಲು ತಪ್ಪು ಉತ್ತರ ಕೊಟ್ಟರೆ: ಬಲದಿಂದ ಓದಿ, ಕನ್ನಡದಲ್ಲಿ ಓದಿ

ಒಂದು ಪಟ್ಟಿಯಲ್ಲಿ ಐದು ಸಂಖ್ಯೆಗಳಿವೆ: 5, 10, 20, 30, 40. ಇವುಗಳಲ್ಲಿ 10ಕ್ಕಿಂತ ಜಾಸ್ತಿ, 30ಕ್ಕಿಂತ ಕಡಿಮೆ ಇರುವುದನ್ನು ಮಾತ್ರ ಆರಿಸಬೇಕು. ಸಿಗಬೇಕಾದದ್ದು 20 ಒಂದೇ, ಅಲ್ವಾ? ನಾನು ಎಪಿಎಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೀಗೆ ಬರೆದಿದ್ದೆ (← ಹೆಸರಿಗೆ ಬೆಲೆ ಇಡುತ್ತದೆ, ∧ ಅಂದರೆ "ಮತ್ತು"; ಒಳಸರಿದ ಸಾಲುಗಳು ನಾನು ಬರೆದವು, ಅಂಚಿನದು ಉತ್ತರ):

      ∆←5 10 20 30 40
      ∆>10∧∆<30
0 0 1 1 1

1 ಅಂದರೆ ಆಯ್ಕೆಯಾಯಿತು, 0 ಅಂದರೆ ಇಲ್ಲ. 20ರ ಜೊತೆ 30, 40 ಕೂಡ ಒಳಗೆ ಬಂದುಬಿಟ್ಟಿವೆ. ದೋಷದ ಸಂದೇಶ ಏನೂ ಇಲ್ಲ. ಈ ಸಾಲು ಒಂದು ದೊಡ್ಡ ವರದಿಯ ನಡುವೆ ಕೂತಿತ್ತು. ಕೊನೆಯ ಮೊತ್ತ ಹೊಂದುತ್ತಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಅವತ್ತಿನಿಂದ ಇಂಥ ದೋಷಗಳನ್ನು ನಾನು ಹೇಗೆ ಹುಡುಕುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳೆಲ್ಲ ಡಯಾಲಾಗ್ ಎಪಿಎಲ್‌ನವು, ಅದು ಎಪಿಎಲ್‌ನ ಈಗಿನ ಒಂದು ರೂಪ. ∆ ಮತ್ತು ⍙ ಅಂದರೆ ನಾನು ಇಟ್ಟ ಹೆಸರುಗಳು, ಅಷ್ಟೆ. ಎಪಿಎಲ್‌ನಲ್ಲಿ ಈ ಎರಡು ಗುರುತುಗಳನ್ನು ಅಕ್ಷರಗಳ ಹಾಗೆಯೇ ಹೆಸರಿಗೆ ಬಳಸಬಹುದು.

ಮೂಲ ನಿಯಮ

ಶಾಲೆಯಲ್ಲಿ ಬಾಡ್‌ಮಾಸ್ ಕಲಿತಿದ್ದೇವೆ. ಆವರಣ ಮೊದಲು, ಆಮೇಲೆ ಭಾಗಾಕಾರ, ಗುಣಾಕಾರ, ಕೊನೆಗೆ ಕೂಡುವುದು, ಕಳೆಯುವುದು. ಎಪಿಎಲ್‌ನಲ್ಲಿ ಆವರಣ ಬಿಟ್ಟರೆ ಇದರಲ್ಲಿ ಯಾವುದೂ ಇಲ್ಲ. ಎಲ್ಲ ಫಂಕ್ಷನ್‌ಗಳೂ, ಅಂದರೆ + × ತರಹ ಲೆಕ್ಕ ಮಾಡುವ ಚಿಹ್ನೆಗಳೂ, ಸಮಾನ. ಒಂದು ಫಂಕ್ಷನ್ ತನ್ನ ಬಲಗಡೆ ಇರುವ ಪೂರ್ತಿ ಸಾಲಿನ ಫಲವನ್ನು ತೆಗೆದುಕೊಳ್ಳುತ್ತದೆ. ಎಡಗಡೆಯಿಂದ ಮಾತ್ರ ತನಗೆ ಅಂಟಿಕೊಂಡ ಒಂದೇ ಒಂದು ಅರೇಯನ್ನು (ಒಂದು ಸಂಖ್ಯೆ ಅಥವಾ ಸಂಖ್ಯೆಗಳ ಪಟ್ಟಿ) ತೆಗೆದುಕೊಳ್ಳುತ್ತದೆ.

      3×4+5
27
      10-3-2
9
      100÷10÷2
20

ಮೊದಲನೆಯದರಲ್ಲಿ 4+5 ಆಗಿ, ಆಮೇಲೆ 3ರಿಂದ ಗುಣಿಸಿದೆ. ಎರಡನೆಯದರಲ್ಲಿ 3-2 ಮೊದಲು, ಅಂದರೆ 1. ಅದನ್ನು 10ರಿಂದ ಕಳೆದರೆ 9. ಮಧ್ಯೆ ಖಾಲಿ ಜಾಗ ಬಿಟ್ಟರೆ ಏನೂ ಬದಲಾಗುವುದಿಲ್ಲ. 3×4 + 5 ಅಂತ ಬಿಡಿಸಿ ಬರೆದರೂ 27ಯೇ. ಬೇರೆ ಭಾಷೆಗಳಿಂದ ಬಂದವರ ಕಣ್ಣಿಗೆ ಈ ಖಾಲಿ ಜಾಗ ತುಂಬಾ ಮೋಸ ಮಾಡುತ್ತದೆ.

ಇದು ಅಜಾಗರೂಕತೆಯಿಂದ ಆದದ್ದಲ್ಲ. ಕೆನಡಾದಲ್ಲಿ ಹುಟ್ಟಿದ ಕೆನ್ನೆತ್ ಐವರ್ಸನ್ ಹಾರ್ವರ್ಡ್‌ನಲ್ಲಿದ್ದಾಗ ಈ ಬರವಣಿಗೆಯನ್ನು ಕರಿಹಲಗೆಯ ಗಣಿತಕ್ಕೆ ಅಂತ ಕಟ್ಟಿದರು. 1962ರಲ್ಲಿ ಅದರ ಪುಸ್ತಕ ಬಂತು. ಆ ಪುಸ್ತಕದ ಹೆಸರಿನ ಮೊದಲಕ್ಷರಗಳೇ ಎಪಿಎಲ್. ಐಬಿಎಂ‌ನಲ್ಲಿ 1966ರ ಹೊತ್ತಿಗೆ ಅದು ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಐವರ್ಸನ್ ಅವರಿಗೆ 1979ರಲ್ಲಿ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಕೂಡು, ಕಳೆ, ಗುಣಿಸು, ಭಾಗಿಸು ಇಷ್ಟೇ ಇದ್ದರೆ ಬಾಡ್‌ಮಾಸ್ ಸಾಕು. ಎಪಿಎಲ್‌ನಲ್ಲಿ ಡಜನ್‌ಗಟ್ಟಲೆ ಫಂಕ್ಷನ್‌ಗಳಿವೆ. ⌈ ಮೊದಲೋ ⍴ ಮೊದಲೋ, | ಮೊದಲೋ ∊ ಮೊದಲೋ ಅಂತ ಒಂದು ಕೋಷ್ಟಕ ಮಾಡಿದ್ದರೆ ಯಾರೂ ಬಾಯಿಪಾಠ ಮಾಡುತ್ತಿರಲಿಲ್ಲ. ಒಂದೇ ನಿಯಮ ಇರುವುದು ದೊಡ್ಡ ಉಪಕಾರ ಅಂತ ನಾನು ಮನಸಾರೆ ನಂಬುತ್ತೇನೆ. ಬಹುಪದವನ್ನೇ ನೋಡಿ. 3, 2, 5 ಗುಣಕಗಳಿರುವ ಬಹುಪದದ ಬೆಲೆಯನ್ನು ಒಂದೂ ಆವರಣ ಇಲ್ಲದೆ ಬರೆಯಬಹುದು:

      ∆←10
      3+∆×2+∆×5
523

ಇನ್ನೊಂದು ಲಾಭ -/ ಅನ್ನುವುದರಲ್ಲಿದೆ. ಸಂಖ್ಯೆಗಳ ನಡುವೆಲ್ಲ ಕಳೆಯುವ ಚಿಹ್ನೆ ಇಟ್ಟ ಹಾಗೆ ಅದು. ಲೆಕ್ಕ ಬಲದಿಂದ ನಡೆಯುವುದರಿಂದ ಒಂದು ಬಿಟ್ಟು ಒಂದು ಕೂಡಿ ಕಳೆಯುವ ಮೊತ್ತ ಸಿಗುತ್ತದೆ. 11ರಿಂದ ಭಾಗವಾಗುತ್ತದೆಯೇ ಅಂತ ನೋಡಲು ಶಾಲೆಯಲ್ಲಿ ಮಾಡುತ್ತಿದ್ದದ್ದು ಇದೇ ಲೆಕ್ಕ:

      -/2 7 2 8
¯11
      11|-/2 7 2 8
0

¯ ಋಣ ಚಿಹ್ನೆ, 11| ಅಂದರೆ 11ರಿಂದ ಭಾಗಿಸಿದಾಗ ಉಳಿಯುವ ಶೇಷ. 2728 ಅಂದರೆ 11×248. ಯಾರಾದರೂ "-/ ತಪ್ಪು ಉತ್ತರ ಕೊಡುತ್ತಿದೆ" ಅಂದರೆ, ಅವರು ಎಡದಿಂದ ಕಳೆಯುತ್ತಾ ಹೋಗುವುದನ್ನು ನಿರೀಕ್ಷಿಸಿದ್ದಾರೆ ಅಂತಲೇ ಅರ್ಥ. ಅವರಿಗೆ ಬೇಕಿರುವುದು ಮೊದಲನೆಯದರಿಂದ ಉಳಿದವುಗಳ ಮೊತ್ತ ಕಳೆಯುವುದು. ಅದನ್ನು ಬೇರೆಯಾಗಿಯೇ ಬರೆಯಬೇಕು.

ಕನ್ನಡದಲ್ಲಿ ಓದುವ ಪರೀಕ್ಷೆ

ಎಪಿಎಲ್ ಸಾಲನ್ನು ಎಡದಿಂದ ಇಂಗ್ಲಿಷಿನಲ್ಲಿ ಓದುವುದನ್ನು ಎಲ್ಲರೂ ಕಲಿಸುತ್ತಾರೆ. ಕನ್ನಡದವರಿಗೆ ಅದಕ್ಕಿಂತ ಹತ್ತಿರದ ದಾರಿ ಇದೆ. ನಮ್ಮ ವಾಕ್ಯದಲ್ಲಿ ವಸ್ತು ಮೊದಲು ಬರುತ್ತದೆ, ಕೆಲಸ ಆಮೇಲೆ. "ಅಕ್ಕಿಯನ್ನು ತೊಳೆದು, ನೆನೆಸಿ, ರುಬ್ಬು" ಅನ್ನುತ್ತೇವೆ. ಎಪಿಎಲ್‌ನಲ್ಲಿ ಇದೇ ಮಾತು ಕನ್ನಡಿಯಲ್ಲಿ ಕಂಡ ಹಾಗಿರುತ್ತದೆ: ರುಬ್ಬು ನೆನೆಸು ತೊಳೆ ಅಕ್ಕಿ. ಹಾಗಾಗಿ ಬಲತುದಿಯಿಂದ ಶುರು ಮಾಡಿ, ಒಂದೊಂದೇ ಚಿಹ್ನೆಯನ್ನು ಎಡಕ್ಕೆ ದಾಟುತ್ತಾ ಓದಿದರೆ ನೇರವಾಗಿ ಕನ್ನಡ ವಾಕ್ಯ ಬರುತ್ತದೆ.

      ⌈/≢¨∆

ಬಲದಿಂದ: ∆ದಲ್ಲಿರುವ ಪ್ರತಿಯೊಂದರ ಎಣಿಕೆಗಳಲ್ಲಿ ದೊಡ್ಡದು. ∆ ವಸ್ತು, ¨ ಪ್ರತಿಯೊಂದರ, ≢ ಎಣಿಕೆ, / ಎಲ್ಲವುಗಳಲ್ಲಿ, ⌈ ದೊಡ್ಡದು. ಪದಗಳ ಸಾಲು ಒಂದೂ ಕದಲಲಿಲ್ಲ. ನನಗೆ ಇದು ಮೊದಲ ಸಲ ಹೊಳೆದಾಗ ಆದ ಖುಷಿ ಇನ್ನೂ ನೆನಪಿದೆ.

ದೋಷ ಹುಡುಕಲು ಇದೇ ನನ್ನ ಮೊದಲ ಸಲಕರಣೆ. ಸಾಲನ್ನು ಬಲದಿಂದ ಗಟ್ಟಿಯಾಗಿ ಕನ್ನಡದಲ್ಲಿ ಓದಬೇಕು. ಎಲ್ಲಿ ವಾಕ್ಯಕ್ಕೆ ಅರ್ಥ ಕೆಡುತ್ತದೋ ಅಲ್ಲೇ ದೋಷ ಇರುತ್ತದೆ. ಒಂದು ಪಟ್ಟಿಯ ಉದ್ದಕ್ಕಿಂತ ಒಂದು ಕಡಿಮೆ ಬೇಕು ಅಂತ ಬಹಳ ಜನ ಹೀಗೆ ಬರೆಯುತ್ತಾರೆ:

      ∆←10 20 30
      ≢∆-1
3

2 ಬರಬೇಕಿತ್ತು, 3 ಬಂತು. ಓದಿ ನೋಡಿ: "∆ದಲ್ಲಿ ಒಂದೊಂದು ಕಳೆದು, ಎಣಿಸು." ನಮಗೆ ಬೇಕಿದ್ದದ್ದು "ಎಣಿಸಿ, ಕಳೆ." ಕಳೆದು ಎಣಿಸಿದರೂ ಸಂಖ್ಯೆಗಳು ಮೂರೇ ಇರುತ್ತವೆ. ಸರಿಪಡಿಸಲು ಮೂರು ದಾರಿ ಇವೆ:

      (≢∆)-1
2
      ¯1+≢∆
2
      1-⍨≢∆
2

ಅನುಭವಿಗಳ ಕೋಡ್‌ನಲ್ಲಿ ¯1+ ಅನ್ನುವುದು ಎಲ್ಲೆಲ್ಲೂ ಕಾಣುವುದು ಇದಕ್ಕೇ. ಆವರಣ ಹಾಕುವ ಬದಲು ಚಿಕ್ಕ ವಸ್ತುವನ್ನು ಎಡಕ್ಕೆ ಸಾಗಿಸುತ್ತಾರೆ. ಮೂರನೆಯದರಲ್ಲಿರುವ ⍨ ಎಡ ಬಲ ಅದಲು ಬದಲು ಮಾಡುತ್ತದೆ. "∆ವನ್ನು ಎಣಿಸಿ, ಅದರಿಂದ 1 ಕಳೆ" ಅಂತ ಓದಿಕೊಳ್ಳಬಹುದು.

ಸಂದೇಶ ಇಲ್ಲದೆ ತಪ್ಪು ಉತ್ತರ ಬಂದಾಗ

ಹೆಚ್ಚು ನೋವು ಕೊಡುವ ದೋಷಗಳು ಇವೇ. ಮೊದಲು ಹೇಳಿದ ಸಾಲಿಗೆ ವಾಪಸ್ ಬರೋಣ.

      ∆>10∧∆<30

ಬಲದಿಂದ: "∆ 30ಕ್ಕಿಂತ ಕಡಿಮೆಯೇ ನೋಡಿ, ಆ ಉತ್ತರಕ್ಕೂ 10ಕ್ಕೂ ∧ ಮಾಡಿ, ಬಂದದ್ದಕ್ಕಿಂತ ∆ ಜಾಸ್ತಿಯೇ ನೋಡು." ಮಧ್ಯದ ತುಂಡಿಗೆ ಅರ್ಥವೇ ಇಲ್ಲ. ಹೌದು ಅಲ್ಲ ಅನ್ನುವ ಉತ್ತರವನ್ನು 10ರ ಜೊತೆ ಯಾಕೆ ಸೇರಿಸುತ್ತಿದ್ದೇವೆ? ದೋಷ ಸಿಕ್ಕಿತು. ಆದರೆ ಎಪಿಎಲ್ ಯಾಕೆ ಸುಮ್ಮನಿತ್ತು?

ಡಯಾಲಾಗ್‌ನಲ್ಲಿ ∧ ಅಂದರೆ ಬರೀ "ಮತ್ತು" ಅಲ್ಲ, ಲ.ಸಾ.ಅ. ಕೂಡ. 0, 1ರ ಮೇಲೆ ಲ.ಸಾ.ಅ. ತೆಗೆದರೆ "ಮತ್ತು" ಅನ್ನುವುದೇ ಬರುತ್ತದೆ, ಹಾಗಾಗಿ ಎರಡೂ ಒಂದೇ ಚಿಹ್ನೆಯಲ್ಲಿ ಕೂತಿವೆ. ಇದು ಚೆಂದದ ಯೋಚನೆ. ಆದರೆ ನಮ್ಮ ತಪ್ಪು ಸಾಲಿಗೂ ಅದು ಅರ್ಥ ಕೊಟ್ಟುಬಿಡುತ್ತದೆ. ಐವರ್ಸನ್ ಕಾಲದ ಐಬಿಎಂ ವ್ಯವಸ್ಥೆಯಲ್ಲಿ ∧ 0, 1ಕ್ಕೆ ಮಾತ್ರ ಇತ್ತು. ಅಲ್ಲಿ ಇದೇ ಸಾಲು ಡೊಮೇನ್ ಎರರ್, ಅಂದರೆ ಈ ಬೆಲೆ ಇಲ್ಲಿ ಸಲ್ಲದು ಅನ್ನುವ ಸಂದೇಶ, ಕೊಡುತ್ತಿತ್ತು. ಈಗ ಹಂತ ಹಂತವಾಗಿ ನೋಡೋಣ. ಅದಕ್ಕೆ ⎕← ಬಳಸಿ. ಅದು ಬಂದ ಫಲವನ್ನು ತೆರೆಯ ಮೇಲೆ ತೋರಿಸಿ, ಹಾಗೇ ಎಡಕ್ಕೆ ಕಳಿಸುತ್ತದೆ:

      ∆←5 10 20 30 40
      ∆>⎕←10∧⎕←∆<30
1 1 1 0 0
10 10 10 0 0
0 0 1 1 1

ಎರಡನೇ ಸಾಲು ನೋಡಿದ ಕೂಡಲೇ ಎಲ್ಲ ತಿಳಿಯುತ್ತದೆ. 30 ಮತ್ತು 40 ಇರುವ ಜಾಗದಲ್ಲಿ ಮಿತಿ 10 ಹೋಗಿ 0 ಆಗಿದೆ. 0ಗಿಂತ 30 ಜಾಸ್ತಿ, ಆದ್ದರಿಂದ ಒಳಗೆ ಬಂತು. ಸರಿಯಾದ ಸಾಲು ಇದು:

      (∆>10)∧∆<30
0 0 1 0 0

ನನಗೆ (10<∆)∧∆<30 ಇನ್ನೂ ಇಷ್ಟ. ಗಣಿತದಲ್ಲಿ ಬರೆಯುವ 10<∆<30 ಹಾಗೇ ಕಾಣುತ್ತದೆ. ಬಲಗಡೆಯ ∆<30ಗೆ ಆವರಣ ಬೇಕಿಲ್ಲ ಅನ್ನುವುದನ್ನು ಗಮನಿಸಿ. ಎಡಗಡೆಯ ವಸ್ತು ತಾನೇ ಒಂದು ಲೆಕ್ಕವಾಗಿದ್ದಾಗ ಮಾತ್ರ ಆವರಣ ಬೇಕು. ಆದ್ದರಿಂದ ಸಾಲನ್ನು ಪರೀಕ್ಷಿಸುವಾಗ ಪ್ರತಿ ಫಂಕ್ಷನ್‌ನ ಎಡಗಡೆ ಮಾತ್ರ ನೋಡುತ್ತಾ ಹೋಗಿ. ಅಲ್ಲಿರುವ ಆ ಒಂದೇ ವಸ್ತು ನಿಮಗೆ ಬೇಕಾದದ್ದೇ? ಹೌದಾದರೆ ಮುಂದಕ್ಕೆ ಹೋಗಿ. ಅಲ್ಲದಿದ್ದರೆ ಅಲ್ಲಿಗೆ ಆವರಣ ಹಾಕಿ.

"ಅಥವಾ" ಅನ್ನುವುದರಲ್ಲಿ ಇನ್ನೂ ಅಪಾಯ. ∨ ಅಂದರೆ ಮ.ಸಾ.ಅ. 10ಕ್ಕಿಂತ ಕಡಿಮೆ ಅಥವಾ 30ಕ್ಕಿಂತ ಜಾಸ್ತಿ ಇರುವುದು ಬೇಕು ಅಂತ ಬರೆದರೆ:

      ∆<10∨∆>30
1 0 0 0 0

5 ಸಿಕ್ಕಿತು, 40 ಕಳೆದುಹೋಯಿತು. 10 ಮತ್ತು 1ರ ಮ.ಸಾ.ಅ. 1 ಆಯಿತು, 40 ಅದಕ್ಕಿಂತ ಕಡಿಮೆ ಅಲ್ಲ. ಹಿಂದಿನ ದೋಷದಲ್ಲಿ ಬೇಡದ್ದು ಒಳಗೆ ಬಂದಿತ್ತು. ಇಲ್ಲಿ ಬೇಕಾದದ್ದು ಹೊರಗೆ ಉಳಿಯಿತು. ಹೊರಗೆ ಉಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ∨ ಇರುವ ಹಳೆಯ ಸಾಲುಗಳನ್ನು ನಾನು ಮೊದಲು ತೆಗೆದು ನೋಡುತ್ತೇನೆ.

ಸಮಾನವೇ ಅಂತ ಕೇಳುವಾಗಲೂ ಇದೇ ಕಥೆ:

      5=2+3
1
      2+3=5
2

ಎರಡನೆಯದರಲ್ಲಿ 3=5 ಸುಳ್ಳು, ಅಂದರೆ 0. ಅದಕ್ಕೆ 2 ಕೂಡಿತು. ಈ 2 ಒಂದು ಇಫ್ ಷರತ್ತಿಗೆ ಹೋದರೆ ಡೊಮೇನ್ ಎರರ್ ಬರುತ್ತದೆ, ನಾವು ಬಚಾವ್. ಆದರೆ / ಎಡಗಡೆ ಫಂಕ್ಷನ್ ಬದಲು ಸಂಖ್ಯೆ ಇದ್ದರೆ ಅದು ಅಷ್ಟು ಸಲ ಆಯ್ಕೆ ಮಾಡುತ್ತದೆ; ಅಲ್ಲಿ ಈ 2 ಕೂತರೆ, (2+3=5)/∆ ಅನ್ನುವುದು ಪ್ರತಿಯೊಂದು ಸಂಖ್ಯೆಯನ್ನೂ ಎರಡೆರಡು ಸಲ ಕೊಡುತ್ತದೆ. ವರದಿಯಲ್ಲಿ ಎಲ್ಲ ಸಾಲುಗಳೂ ಜೋಡಿ ಜೋಡಿಯಾಗಿ ಕಂಡರೆ ಮೊದಲು ಇಲ್ಲಿ ಹುಡುಕಿ.

ಶೇಕಡಾ ಲೆಕ್ಕದಲ್ಲಿ ಉತ್ತರ ಸೊನ್ನೆಯ ಹತ್ತಿರ ಬಂದರೆ ಕಾರಣ ಬಹುಪಾಲು ಹೀಗಿರುತ್ತದೆ (+/ ಅಂದರೆ ಎಲ್ಲವನ್ನೂ ಕೂಡು):

      ∆←10 20 30
      ∆÷+/∆×100
0.001666666667 0.003333333333 0.005
      100×∆÷+/∆
16.66666667 33.33333333 50

"100ರಿಂದ ಗುಣಿಸು" ಅನ್ನುವುದನ್ನು ನಾವು ಬಾಯಲ್ಲಿ ಕೊನೆಗೆ ಹೇಳುತ್ತೇವೆ. ಎಪಿಎಲ್‌ನಲ್ಲಿ ಕೊನೆಯ ಕೆಲಸದ ಜಾಗ ಎಡತುದಿ. ಎರಡು ದಶಮಾಂಶಕ್ಕೆ ಸರಿಹೊಂದಿಸಿ ಮುದ್ರಿಸಿದರೆ ಮೊದಲನೆಯ ಸಾಲು ಪೂರ್ತಿ 0.00, 0.00, 0.01 ಅಂತ ಕಾಣುತ್ತದೆ. ನೋಡಿದವರು ದತ್ತಾಂಶದ ಮೇಲೆ ಅನುಮಾನ ಪಡುತ್ತಾರೆ, ಸಾಲಿನ ಮೇಲೆ ಅಲ್ಲ.

ಇನ್ನೊಂದು ದೋಷ ಇದೆ. ಅದು ಸರಿ ಉತ್ತರ ಕೊಟ್ಟು ನಂಬಿಸುತ್ತದೆ. ಸರಾಸರಿಗೆ ಹೀಗೆ ಬರೆದವರಿದ್ದಾರೆ:

      +/∆÷≢∆
20

ಇದು "ಪ್ರತಿಯೊಂದನ್ನೂ ಎಣಿಕೆಯಿಂದ ಭಾಗಿಸಿ, ಕೂಡು." ಕೂಡಿ ಭಾಗಿಸಿದರೂ ಭಾಗಿಸಿ ಕೂಡಿದರೂ ಫಲ ಒಂದೇ, ಹಾಗಾಗಿ 20 ಸರಿಯೇ. ಅದನ್ನು ನೋಡಿ ಧೈರ್ಯ ಬಂದು, ವರ್ಗಗಳ ಸರಾಸರಿಗೂ ಅದೇ ರೂಪ ಬಳಸಿದರೆ ಕೆಟ್ಟಿತು. * ಅಂದರೆ ಘಾತ. +/∆*2÷≢∆ ಅಂದಾಗ 2÷≢∆ ಮೊದಲು ಆಗುತ್ತದೆ. ಪ್ರತಿ ಸಂಖ್ಯೆಗೂ ಮೂರನೇ ಎರಡರಷ್ಟು ಘಾತ ಏರುತ್ತದೆ. ಉತ್ತರ 21.66ರ ಆಸುಪಾಸು. ಸರಿಯಾದದ್ದು (+/∆*2)÷≢∆, ಅಂದರೆ 466.6666667. ಒಂದು ರೂಪ ಒಂದು ಕಡೆ ಸರಿ ಬಂತು ಅಂದರೆ ಅದು ಸರಿಯಾಗಿ ಬಿಡಿಸಿಕೊಂಡಿದೆ ಅಂತ ಅರ್ಥ ಅಲ್ಲ.

ಕಳೆಯುವ ಚಿಹ್ನೆ, ಋಣ ಚಿಹ್ನೆ

ಎಪಿಎಲ್‌ನಲ್ಲಿ ಇವೆರಡೂ ಬೇರೆ ಬೇರೆ. ¯ ಸಂಖ್ಯೆಯ ಭಾಗ, - ಒಂದು ಫಂಕ್ಷನ್. ಪಟ್ಟಿಯಲ್ಲಿ ಒಂದು ಸಂಖ್ಯೆ ಮಾಯವಾಗಿ, ಉಳಿದವೂ ಬದಲಾಗಿದ್ದರೆ ಇದನ್ನು ನೋಡಿ:

      5 3 -1
4 2
      5 3 ¯1
5 3 ¯1
      -2*2
¯4
      ¯2*2
4

ಬೇರೆ ಕಡೆಯಿಂದ ಅಂಟಿಸಿದ ದತ್ತಾಂಶದಲ್ಲಿ ಇದು ಜಾಸ್ತಿ. ಇಷ್ಟು ಸಾಕು, ಇದರಲ್ಲಿ ಗೋಜಲಿಲ್ಲ.

ಸಂದೇಶ ಬಂದಾಗ

ಸಂದೇಶ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಡಯಾಲಾಗ್ ತಪ್ಪಿದ ಸಾಲನ್ನು ಬರೆದು ಅದರ ಕೆಳಗೆ ಒಂದು ∧ ಗುರುತು ಇಡುತ್ತದೆ. ಆ ಗುರುತಿನ ಬಲಗಡೆ ಇರುವುದು ಆಗಲೇ ಲೆಕ್ಕ ಆಗಿಹೋಗಿದೆ ಅಂತ ತಿಳಿಯಿರಿ. ಅಂದರೆ ತಪ್ಪಿನ ಬೇರು ಹಲವು ಸಲ ಗುರುತಿನ ಬಲಗಡೆಯೇ ಇರುತ್ತದೆ. ಉದಾಹರಣೆಗೆ ಐದು ಸಂಖ್ಯೆಗಳ ∆ ಮೇಲೆ:

      ∆>10/∆

ಇದಕ್ಕೆ ಲೆಂಗ್ತ್ ಎರರ್ ಬರುತ್ತದೆ, ಗುರುತು > ಕೆಳಗೆ ಕೂರುತ್ತದೆ. > ಏನೂ ತಪ್ಪು ಮಾಡಿಲ್ಲ. 10/∆ ಪ್ರತಿಯೊಂದನ್ನೂ ಹತ್ತು ಹತ್ತು ಸಲ ಬರೆದು 50 ಸಂಖ್ಯೆ ಮಾಡಿಟ್ಟಿದೆ. ಐದಕ್ಕೂ ಐವತ್ತಕ್ಕೂ ಹೋಲಿಕೆ ಆಗಲಿಲ್ಲ. (∆>10)/∆ ಅಂದರೆ ಮುಗಿಯಿತು.

ಸಿಂಟ್ಯಾಕ್ಸ್ ಎರರ್ ಬಂದರೆ ಒಂದು ಫಂಕ್ಷನ್‌ಗೆ ಬಲಗಡೆ ಏನೂ ಸಿಗಲಿಲ್ಲ, ಅಥವಾ ಆವರಣ ಮುಚ್ಚಿಲ್ಲ, ಅಥವಾ ಎಡಗಡೆ ವಸ್ತು ಬೇಡದ ಫಂಕ್ಷನ್‌ಗೆ ಒಂದು ವಸ್ತು ಅಂಟಿಕೊಂಡಿದೆ. ಮೂರನೆಯದು ಕಣ್ಣಿಗೆ ಬೇಗ ಕಾಣುವುದಿಲ್ಲ.

⎕← ಇಡುವಾಗ ಒಂದು ಎಚ್ಚರ. ಅದನ್ನು ಫಂಕ್ಷನ್‌ನ ಬಲಕ್ಕೇ ಇಡಿ. 1 ∆ 3 ಹೀಗೆ ಸಾಲಾಗಿ ಕೂತ ವಸ್ತುಗಳ ನಡುವೆ ಇಟ್ಟರೆ, ಅಥವಾ + ಮತ್ತು / ನಡುವೆ ಇಟ್ಟರೆ ಸಾಲಿನ ಅರ್ಥವೇ ಒಡೆಯುತ್ತದೆ. ಇನ್ನೊಂದು ವಿಷಯ: ⋄ ಇಂದ ಬೇರೆಯಾದ ಹೇಳಿಕೆಗಳು ಎಡದಿಂದ ಬಲಕ್ಕೆ ನಡೆಯುತ್ತವೆ. ಪ್ರತಿ ಹೇಳಿಕೆಯ ಒಳಗೆ ಮಾತ್ರ ಬಲದಿಂದ ಎಡಕ್ಕೆ. ⎕← ಮುದ್ರಿಸಿದ ಸಾಲುಗಳ ಕ್ರಮ ನೋಡಿ ಗಾಬರಿಯಾಗಬೇಡಿ.

ಆಪರೇಟರ್ ಅಂದರೆ ಇಲ್ಲಿ ಬೇರೆ

ಬೇರೆ ಭಾಷೆಗಳಲ್ಲಿ + ಅನ್ನು ಆಪರೇಟರ್ ಅನ್ನುತ್ತಾರೆ. ಎಪಿಎಲ್‌ನಲ್ಲಿ + ಫಂಕ್ಷನ್. ಫಂಕ್ಷನ್ ಅನ್ನು ಹಿಡಿದು ಹೊಸ ಫಂಕ್ಷನ್ ಮಾಡಿಕೊಡುವುದು ಆಪರೇಟರ್: / ¨ ⍨ ∘ ⍤ ⍣ ಇಂಥವು. ಸಹಾಯ ಕೇಳುವಾಗ ಈ ಎರಡನ್ನು ಕಲಸಿದರೆ ಉತ್ತರ ಕೊಡುವವರೂ ದಾರಿ ತಪ್ಪುತ್ತಾರೆ. ಐವರ್ಸನ್ ಮತ್ತು ರೋಜರ್ ಹುಯಿ 1990ರಲ್ಲಿ ತಂದ ಜೆ ಭಾಷೆಯಲ್ಲಿ ಹೆಸರುಗಳನ್ನೇ ವ್ಯಾಕರಣದಿಂದ ತೆಗೆದುಕೊಂಡರು. ಅರೇ ಅಂದರೆ ನಾಮಪದ, ಫಂಕ್ಷನ್ ಅಂದರೆ ಕ್ರಿಯಾಪದ, / ತರಹದ್ದು ಕ್ರಿಯಾವಿಶೇಷಣ. ನನಗೆ ಈ ಹೆಸರುಗಳು ಹೆಚ್ಚು ಸರಿ ಅನಿಸುತ್ತವೆ.

ಆಪರೇಟರ್‌ಗಳ ನಿಯಮ ಫಂಕ್ಷನ್‌ಗಳ ನಿಯಮಕ್ಕೆ ತಿರುಗುಮುರುಗು. ಅವು ಫಂಕ್ಷನ್‌ಗಿಂತ ಬಿಗಿಯಾಗಿ ಅಂಟುತ್ತವೆ. ಎಡಗಡೆ ಇರುವ ಪೂರ್ತಿ ಫಂಕ್ಷನ್ ಜೋಡಣೆಯನ್ನು ತೆಗೆದುಕೊಳ್ಳುತ್ತವೆ. ಬಲಗಡೆಯಿಂದ ಮಾತ್ರ ಒಂದೇ ವಸ್ತು.

      +∘÷/3 7 15 1
3.14159292

∘ ಎರಡು ಫಂಕ್ಷನ್‌ಗಳನ್ನು ಒಂದಾಗಿ ಬೆಸೆಯುತ್ತದೆ; ಎಡಗಡೆ ವಸ್ತು ಇಲ್ಲದ ÷ ವಿಲೋಮ ಕೊಡುತ್ತದೆ, ಅಂದರೆ 1ನ್ನು ಆ ಸಂಖ್ಯೆಯಿಂದ ಭಾಗಿಸಿದ್ದು. ಇಲ್ಲಿ / ಹಿಡಿದದ್ದು ÷ ಒಂದನ್ನೇ ಅಲ್ಲ, +∘÷ ಪೂರ್ತಿಯನ್ನು. 3ಕ್ಕೆ, 7ಕ್ಕೆ, 15ಕ್ಕೆ ವಿಲೋಮಗಳನ್ನು ಕೂಡುತ್ತಾ ಹೋಗುವ ಮುಂದುವರಿದ ಭಿನ್ನರಾಶಿ ಇದು. ಫಲ 355÷113, ಪೈಗೆ ಬಹಳ ಹತ್ತಿರ. +∘(÷/) ಅಂತ ತಿಳಿದುಕೊಂಡರೆ ಈ ಉತ್ತರ ಎಲ್ಲಿಂದ ಬಂತು ಅಂತ ತಲೆ ಕೆಡುತ್ತದೆ.

ಇಲ್ಲಿ ಎಲ್ಲರೂ ಒಮ್ಮೆ ಎಡವುವ ಜಾಗ ಒಂದಿದೆ. ಆಪರೇಟರ್‌ನ ಬಲಗಡೆ ಸಂಖ್ಯೆ ಬಂದು, ಅದರ ಪಕ್ಕದಲ್ಲೇ ಇನ್ನೊಂದು ವಸ್ತು ಕೂತಾಗ. ⍣ ಅಂದರೆ ಇಷ್ಟು ಸಲ ನಡೆಸು. 1ನ್ನು ಎರಡರಿಂದ ಮೂರು ಸಲ ಗುಣಿಸಬೇಕು ಅಂತ 2∘×⍣3 1 ಅಂದರೆ ಸಂಖ್ಯೆ ಬರುವುದಿಲ್ಲ. ಡಯಾಲಾಗ್‌ನಲ್ಲಿ 3 ಮತ್ತು 1 ಮೊದಲು ಒಂದೇ ಪಟ್ಟಿಯಾಗಿ ಸೇರುತ್ತವೆ. ಆ ಪಟ್ಟಿಯನ್ನು ⍣ ನುಂಗುತ್ತದೆ. ಫಂಕ್ಷನ್‌ಗೆ ಲೆಕ್ಕ ಮಾಡಲು ಏನೂ ಉಳಿಯುವುದಿಲ್ಲ. ಮಧ್ಯೆ ⊢ ಇಟ್ಟರೆ ಅವು ಬೇರೆಯಾಗುತ್ತವೆ:

      2∘×⍣3⊢1
8

⊢ ಏನೂ ಮಾಡದ ಫಂಕ್ಷನ್, ಬಂದದ್ದನ್ನು ಹಾಗೇ ಕೊಡುತ್ತದೆ. ಇಲ್ಲಿ ಅದು ಬೇಲಿಯ ಕೆಲಸ ಮಾಡುತ್ತದೆ. ಅಡ್ಡಸಾಲುಗಳನ್ನು ಕೂಡುವ +/⍤1 ∆ ಕೆಲಸ ಮಾಡದೆ +/⍤1⊢∆ ಮಾಡುವುದಕ್ಕೂ ಇದೇ ಕಾರಣ.

ಪಟ್ಟಿಯಾಗಿ ಸೇರುವುದಕ್ಕಿಂತ ಬಿಗಿಯಾದದ್ದು ಚೌಕ ಆವರಣ. ∆ ⍙[2] ಅಂದರೆ ∆ ಮತ್ತು ⍙ದ ಎರಡನೆಯದು. ಜೋಡಿಯ ಎರಡನೆಯದು ಬೇಕಿದ್ದರೆ (∆ ⍙)[2].

ಆವರಣ ತೆಗೆದಾಗ ಅರ್ಥ ಬದಲಾದರೆ

ಡಯಾಲಾಗ್‌ಗೆ 2014ರಲ್ಲಿ, 14.0ನೇ ಆವೃತ್ತಿಯಲ್ಲಿ, ಟ್ರೇನ್‌ಗಳು ಬಂದವು. ಫಂಕ್ಷನ್‌ಗಳನ್ನಷ್ಟೇ ಆವರಣದೊಳಗೆ ಸಾಲಾಗಿ ಇಟ್ಟರೆ ಅದೇ ಒಂದು ಫಂಕ್ಷನ್.

      ∆←10 20 30
      (+/÷≢)∆
20
      +/÷≢∆
0.3333333333

ಮೊದಲನೆಯದು ಮೂರು ಫಂಕ್ಷನ್‌ಗಳ ಟ್ರೇನ್: ಕೂಡಿದ್ದನ್ನು ಎಣಿಕೆಯಿಂದ ಭಾಗಿಸು. ಎರಡನೆಯದು ಮಾಮೂಲಿ ಸಾಲು: "∆ವನ್ನು ಎಣಿಸಿ, ವಿಲೋಮ ತೆಗೆದು, ಕೂಡು." "ಬೇಡದ ಆವರಣ" ಅಂತ ಅಳಿಸಿದ ಕೋಡ್‌ನಲ್ಲಿ ಈ ದೋಷ ಬಹಳ ಸಿಗುತ್ತದೆ. ಟ್ರೇನ್‌ನ ಆವರಣ ಅಲಂಕಾರಕ್ಕೆ ಇರುವುದಲ್ಲ. ಡಯಾಲಾಗ್‌ನ ಬಾಕ್ಸ್ ಆಜ್ಞೆಗೆ ಟ್ರೇನ್‌ಗಳನ್ನು ಪೂರ್ತಿ ಆವರಣ ಹಾಕಿ ತೋರಿಸು ಅಂತ ಹೇಳಬಹುದು. ಉದ್ದದ ಟ್ರೇನ್ ಇದ್ದರೆ ಕಣ್ಣಳತೆಯಲ್ಲಿ ಬಿಡಿಸಲು ಹೋಗಬೇಡಿ, ಅದನ್ನೇ ಕೇಳಿ.

ಅದೇ ಸಾಲು, ಬೇರೆ ದಿನ ಬೇರೆ ಅರ್ಥ

∆ ⍙ 5 ಅಂತ ಒಂದು ಸಾಲು ಇದೆ ಅನ್ನಿ. ⍙ ಫಂಕ್ಷನ್ ಆಗಿದ್ದರೆ, ಇದು ∆ ಮತ್ತು 5ರ ಮೇಲೆ ⍙ ನಡೆಸುವ ಲೆಕ್ಕ. ⍙ ಅರೇ ಆಗಿದ್ದರೆ, ಇದು ಮೂರು ವಸ್ತುಗಳ ಪಟ್ಟಿ. ಬರೀ ಅಕ್ಷರ ನೋಡಿ ಎಪಿಎಲ್ ಸಾಲನ್ನು ಬಿಡಿಸಲು ಆಗುವುದಿಲ್ಲ. ಹೆಸರಿನಲ್ಲಿ ಆ ಕ್ಷಣ ಏನಿದೆ ಅಂತ ಗೊತ್ತಿರಬೇಕು. ಯಾರೋ ಬೇರೆ ಕಡೆ ಅದೇ ಹೆಸರಿಗೆ ಸಂಖ್ಯೆ ಹಾಕಿದ್ದರೆ, ನೀವು ಮುಟ್ಟದ ಸಾಲೂ ಕೆಡುತ್ತದೆ. ಲೆಕ್ಕ ಬರುವ ಕಡೆ ಪಟ್ಟಿ ಬಂದರೆ, ⎕NC (ಕ್ವಾಡ್ ಎನ್‌ಸಿ) ಬಳಸಿ ಹೆಸರಿನ ವರ್ಗ ಕೇಳಿ. 2 ಬಂದರೆ ಅರೇ, 3 ಫಂಕ್ಷನ್, 4 ಆಪರೇಟರ್, 0 ಅಂದರೆ ಆ ಹೆಸರಿಗೆ ಇನ್ನೂ ಏನೂ ಇಲ್ಲ. 2020ರಲ್ಲಿ ಮಾರ್ಷಲ್ ಲೋಕ್‌ಬಾಮ್ ಹೊರತಂದ ಬಿಕ್ಯೂಎನ್ ಭಾಷೆ ಈ ತೊಂದರೆಯನ್ನು ಬುಡದಲ್ಲೇ ಕತ್ತರಿಸಿದೆ. ಅಲ್ಲಿ ಹೆಸರು ಬರೆದ ರೀತಿಯೇ ವರ್ಗ ಹೇಳುತ್ತದೆ. ಸಣ್ಣ ಅಕ್ಷರದಿಂದ ಶುರುವಾದರೆ ವಸ್ತು, ದೊಡ್ಡ ಅಕ್ಷರವಾದರೆ ಫಂಕ್ಷನ್, ಮುಂದೆ ಅಡಿಗೆರೆ ಇದ್ದರೆ ಆಪರೇಟರ್ ಜಾತಿ.

ಭಾಷೆ ಬದಲಾಯಿಸಿದಾಗ

ಎಪಿಎಲ್‌ನ ನಂಟಿನ ಭಾಷೆಗಳಾದ ಜೆ, ಕೆ, ಬಿಕ್ಯೂಎನ್ ಎಲ್ಲದರಲ್ಲೂ ಬಲದಿಂದ ಎಡಕ್ಕೆ ಅನ್ನುವ ನಿಯಮ ಅದೇ. ಆದರೆ ತಪ್ಪು ಸಾಲು ತಪ್ಪುವ ರೀತಿ ಬೇರೆ. ನಮ್ಮ 10, 30ರ ಮಿತಿಯ ಸಾಲನ್ನೇ ಆವರಣ ಇಲ್ಲದೆ ಬರೆದು ನೋಡಿ. ಜೆಯಲ್ಲಿ "ಮತ್ತು" ಅಂದರೆ ಲ.ಸಾ.ಅ.ಯೇ, ಉತ್ತರ ಡಯಾಲಾಗ್‌ನ ಹಾಗೇ. ಬಿಕ್ಯೂಎನ್‌ನಲ್ಲಿ ∧ ಗುಣಾಕಾರ, ಆದರೂ 10×1, 10×0 ಆಗಿ ಅದೇ ತಪ್ಪು ಬರುತ್ತದೆ. ಕೆಯಲ್ಲಿ ಆ ಚಿಹ್ನೆ ಎರಡರಲ್ಲಿ ಚಿಕ್ಕದನ್ನು ಕೊಡುತ್ತದೆ. ಮಿತಿ 10 ಹೋಗಿ 1 ಅಥವಾ 0 ಆಗುತ್ತದೆ, ಐದೂ ಸಂಖ್ಯೆ ಒಳಗೆ ಬರುತ್ತವೆ. ಪೈಥಾನ್ ಭಾಷೆಯ ಅರೇ ಲೈಬ್ರರಿ ನಂಪೈನಲ್ಲಿ ಯಾವ ಚಿಹ್ನೆ ಮೊದಲು ಅನ್ನುವ ಆದ್ಯತೆಯ ಕೋಷ್ಟಕ ಇದೆ. ಆದರೆ ಅಲ್ಲಿ & ಹೋಲಿಕೆಗಿಂತ ಬಿಗಿಯಾಗಿ ಅಂಟುತ್ತದೆ. ಹಾಗಾಗಿ ಆವರಣ ಅಲ್ಲೂ ಬೇಕು, ಎರಡೂ ಕಡೆಗೆ. ಬಿಟ್ಟರೆ ಅಲ್ಲಿ ದೋಷದ ಸಂದೇಶ ಬರುತ್ತದೆ.

ಜೆಯಿಂದ ಡಯಾಲಾಗ್‌ಗೆ ಟ್ರೇನ್ ಸಾಗಿಸುವವರು ಎರಡು ಫಂಕ್ಷನ್‌ಗಳ ಟ್ರೇನ್‌ಗಳನ್ನು ಮೊದಲು ಪಟ್ಟಿ ಮಾಡಿಕೊಳ್ಳಿ. ಮೂರರದ್ದು ಎರಡರಲ್ಲೂ ಒಂದೇ. ಎರಡರದ್ದು ಬೇರೆ. ಒಂದೇ ವಸ್ತುವಿನ ಮೇಲೆ ನಡೆದಾಗ ಏನಾಗುತ್ತದೆ ನೋಡಿ. ಡಯಾಲಾಗ್‌ನಲ್ಲಿ ಎರಡನೆಯದರ ಫಲದ ಮೇಲೆ ಮೊದಲನೆಯದು ನಡೆಯುತ್ತದೆ, ಅಷ್ಟೆ. ಜೆಯಲ್ಲಿ ಮೂಲ ವಸ್ತು ಎಡಕ್ಕೂ ಬಂದು ಕೂರುತ್ತದೆ. (+÷)4 ಅಂತ ಡಯಾಲಾಗ್‌ನಲ್ಲಿ ಬರೆದರೆ 0.25. ಜೆಯಲ್ಲಿ ಅದೇ ಜೋಡಿ, ಅದರ ಭಾಗಿಸುವ ಚಿಹ್ನೆ % ಇಟ್ಟು (+%)4 ಅಂದರೆ, 4ಕ್ಕೆ 0.25 ಕೂಡಿ 4.25.